ಹತ್ತಕ್ಕ ಒಂದು ಹಿಡೀರಿ

ಹೊಸ ಟೈರಿನ ವಾಸನೆಯನ್ನು ನೀವು ಎಂದಾದರೂ ನಿಂತು ಗಮನಿಸಿದ್ದೀರೋ ಇಲ್ಲವೋ ನನಗೆ ತಿಳಿಯದು. ಅದು ಸೀಮೆಎಣ್ಣೆಯದೂ ಅಲ್ಲ, ಡಾಂಬರಿನದೂ ಅಲ್ಲ. ಆಸ್ಪತ್ರೆಯಲ್ಲಿ ರಬ್ಬರು ಕೈಗವಸಿನ ಹೊಸ ಪೊಟ್ಟಣ ಒಡೆದಾಗ ಬರುತ್ತದಲ್ಲ, ಆ ವಾಸನೆಯ ಹಿರಿಯಣ್ಣ ಎನ್ನಬಹುದು. ಮೂವತ್ತನಾಲ್ಕು ವರ್ಷ ನರ್ಸಾಗಿದ್ದವಳಿಗೆ ಹೋಲಿಕೆಗಳು ಸಿಗುವುದು ಅಲ್ಲಿಂದಲೇ. ಹೋದ ತಿಂಗಳು ಬೀದರಿನಲ್ಲಿ ಆಟೋ ಕಾಯುತ್ತ ಒಂದು ಟೈರಿನಂಗಡಿಯ ನೆರಳಿಗೆ ನಿಂತಿದ್ದೆ. ಬೇಸಿಗೆಯ ಬೆಳಗು. ಅಂಗಡಿಯ ಮುಂದೆ ಒಂದು ಹಳೆಯ ದೊಡ್ಡ ಗಾಡಿ ನಿಂತಿತ್ತು. ಅದರ ಮೈಯನ್ನು ಮೊಳದಷ್ಟು ಎತ್ತಿ, ಕೆಳಗೆ ದಪ್ಪ ಹಲ್ಲಿನ ಟೈರು ತೊಡಿಸಿದ್ದರು. ಪ್ಯಾಂಟನ್ನು ಮೊಣಕಾಲಿಗೆ ಮಡಚಿಕೊಂಡು ಹಳ್ಳ ದಾಟಲು ನಿಂತ ದಪ್ಪ ಮನುಷ್ಯನ ಹಾಗೆ ಕಾಣುತ್ತಿತ್ತು.

ಅದರ ಒಡೆಯನಾದ ಹುಡುಗ ಫೋಟೋ ತೆಗೆಯುತ್ತಿದ್ದ. "ಆಂಟಿ, ಫೋಟೋದಾಗ ಬರ್ಲಿಕ್ಕತ್ತೀರಿ, ಜರಾ ಸರೀರಿ" ಎಂದ.

ಸರಿದೆ. ಸುಮ್ಮನೆ ಸರಿದಿದ್ದರೆ ಮುಗಿಯುತ್ತಿತ್ತು. "ಮೀಟರ್ ಸರಿ ಮಾಡಿಸೀಯೇನಪ್ಪ?" ಎಂದು ಕೇಳಿಬಿಟ್ಟೆ.

"ಯಾ ಮೀಟರ್ರಿ?"

"ಕಿಲೋಮೀಟರಿಂದು. ಗಾಲಿ ದೊಡ್ಡದಾದ್ರ ಅದು ಹಿಂದ ಬೀಳ್ತದ."

ಅವನು ನನ್ನ ಬಿಳಿಕೂದಲನ್ನು ನೋಡಿದ, ಕೈಯಲ್ಲಿದ್ದ ತರಕಾರಿ ಚೀಲವನ್ನು ನೋಡಿದ, ಆಮೇಲೆ ಗೆಳೆಯನ ಮುಖ ನೋಡಿದ. "ಈಗ ಎಲ್ಲಾ ಫೋನ್‌ದಾಗ ಬರ್ತದರಿ ಆಂಟಿ. ನಿಮಗ ಇದೆಲ್ಲಾ ಹ್ಯಾಂಗ ಗೊತ್ತು?"

"ಹಿಂದೊಮ್ಮಿ ನಾವೂ ಒಂದು ಗಾಡಿ ಎಬ್ಬಿಸಿದ್ದೆವು" ಎಂದೆ. ಆಟೋ ಬಂತು, ಹತ್ತಿದೆ. ಉಳಿದದ್ದನ್ನು ಅವನಿಗೆ ಹೇಳಲಿಲ್ಲ. ಉಳಿದದ್ದನ್ನು ಅಲ್ಲಿಯವರೆಗೆ ನಾನು ಯಾರಿಗೂ ಹೇಳಿರಲಿಲ್ಲ. ನಿಮಗೆ ಹೇಳುತ್ತೇನೆ. ಆದರೆ ನನ್ನ ನಡಿಗೆ ನಿಧಾನ, ಮತ್ತು ಗಾಡಿ ಕಂಡರೆ ಅದರ ಕೆಳಗೆ ಬಗ್ಗಿ ನೋಡುವ ಚಾಳಿ ಇನ್ನೂ ಹೋಗಿಲ್ಲ. ಸಹಿಸಿಕೊಳ್ಳಬೇಕು.

ಆಗ ನಾನು ಭಾಲ್ಕಿಯ ಒಂದು ಸಣ್ಣ ದವಾಖಾನೆಯಲ್ಲಿದ್ದೆ. ನಾಲ್ಕು ಮಂಚ, ಒಂದು ಹೆರಿಗೆ ಮೇಜು, ಒಂದು ಗಾಡಿ. ಗಾಡಿ ಎಂದರೆ ಪೆಟ್ಟಿಗೆಯ ಆಕಾರದ, ಎಂಟು ಜನ ಕೂಡುವ, ಒಂದಾನೊಂದು ಕಾಲದಲ್ಲಿ ಬಿಳಿಯಿದ್ದ ಗಾಡಿ. ಅದನ್ನು ನಡೆಸುತ್ತಿದ್ದವನು ಮನ್ನಳ್ಳಿಯ ಸೈಮನ್. ನನಗಿಂತ ಹತ್ತು ವರ್ಷ ದೊಡ್ಡವನು. ಭಾನುವಾರ ಚರ್ಚಿನಲ್ಲಿ ದನಿಯೆತ್ತಿ ಹಾಡುವವನು, ವಾರದ ಉಳಿದ ದಿನ ಗಾಡಿಗೆ ಬೈಯುವವನು. ವಾರಕ್ಕೊಮ್ಮೆ ನಾವಿಬ್ಬರೂ ಔರಾದಿಗೆ ಹೋಗಿ ಅಲ್ಲಿ ಒಂದು ಕೋಣೆಯಲ್ಲಿ ಬಸುರಿ ಬಾಣಂತಿಯರನ್ನು ನೋಡುತ್ತಿದ್ದೆವು. ಉಳಿದ ದಿನ ಹಳ್ಳಿಗಳಿಗೆ ಸುತ್ತು.

ಮೂರು ವರ್ಷ ಸಾಲಾಗಿ ಮಳೆ ಕೈಕೊಟ್ಟ ಕಾಲವದು. ಜನ ಹೈದರಾಬಾದಿಗೆ, ಪುಣೆಗೆ, ಕಬ್ಬು ಕಡಿಯುವ ಸೀಮೆಗೆ ಹೋದರು. ಹೋಗುವಾಗ ಮನೆಯ ಕೀಲಿಯನ್ನು ಪಕ್ಕದ ಮನೆಗೆ ಕೊಟ್ಟು ಹೋಗುವುದು ನಮ್ಮ ಕಡೆಯ ರೂಢಿ. ಪಕ್ಕದ ಮನೆಯವರೂ ಹೊರಟಾಗ ಎರಡೂ ಕೀಲಿ ಅದರಾಚೆಯ ಮನೆಗೆ. ಭಾತಂಬ್ರಾದಲ್ಲಿ ಒಬ್ಬ ಹೆಂಗಸಿನ ಸೊಂಟದಲ್ಲಿ ಹನ್ನೊಂದು ಕೀಲಿ ನೇತಾಡುವುದನ್ನು ನಾನೇ ನೋಡಿದ್ದೇನೆ. "ಇಡೀ ಓಣಿ ಸೊಂಟದಾಗ ಇಟ್ಕೊಂಡೀನ್ರಿ ಸಿಸ್ಟರ್, ಕುಂದರ್ಲಿಕ್ಕ ಚುಚ್ಚತಾವ" ಎಂದು ಆಕೆ ನಕ್ಕಿದ್ದಳು.

ಇದರಿಂದ ನಮಗಾದ ತೊಂದರೆ ವಿಚಿತ್ರವಾದದ್ದು. ಔರಾದಿನ ಆಚೆ, ಗಡಿಯ ಕಡೆ, ದಾರಿ ಎಂದರೆ ಮನುಷ್ಯರೇ. ಕಲ್ಲಿಲ್ಲ, ಹಲಗೆಯಿಲ್ಲ. ಹೊಲದಲ್ಲಿದ್ದವನನ್ನು ಕೂಗಿ ಕೇಳಬೇಕು, ಅವನು ಕೈಯೆತ್ತಿ ತೋರಿಸಬೇಕು. ಹೊಲದಲ್ಲಿ ಈಗ ಯಾರೂ ಇಲ್ಲ. ಹಾಗಾಗಿ ನಾನು ಒಂದು ಪುಸ್ತಕ ಮಾಡಿದೆ. ಗಾಡಿಯ ಮೀಟರು ನೋಡಿ ಎಲ್ಲಿಂದ ಎಷ್ಟು ದೂರಕ್ಕೆ ತಿರುವು, ತಿರುವಿನಿಂದ ಎಷ್ಟು ದೂರಕ್ಕೆ ಊರು ಎಂದು ಬರೆದಿಟ್ಟೆ. ಮೀಟರಿನ ಕೊನೆಯ ಕೆಂಪು ಅಂಕಿಯವರೆಗೆ, ಒಂದು ಚೂರೂ ಬಿಡದೆ. ಸಾರಿಗೆ ಉಪ್ಪನ್ನೂ ಚಮಚದ ಅಂಚು ಚಾಕುವಿನಿಂದ ಸವರಿ ಹಾಕುವವಳು ನಾನು. ಆ ಪುಸ್ತಕದಿಂದ ನನಗಾದ ಸಂತೋಷವನ್ನು ನೀವು ಊಹಿಸಿಕೊಳ್ಳಬಹುದು. ಸೈಮನ್ ಮಾತ್ರ "ಬೈಬಲ್ ಒಂದು, ಸಿಸ್ಟರ್ ಪುಸ್ತಕ ಒಂದು, ಎರಡರಾಗೂ ತಪ್ಪಿಲ್ಲ" ಎಂದು ಊರೂರಲ್ಲಿ ಹೇಳಿಕೊಂಡು ಬರುತ್ತಿದ್ದ. ಅದು ಹೊಗಳಿಕೆಯಲ್ಲ ಎಂದು ನನಗೆ ಬಹಳ ದಿನ ಹೊಳೆಯಲಿಲ್ಲ.

ಇನ್ನು ಗಾಡಿಯನ್ನು ಎಬ್ಬಿಸಬೇಕಾಗಿ ಬಂದದ್ದಕ್ಕೆ ಕಾರಣ ನೀರಿನ ಟ್ಯಾಂಕರುಗಳು. ಬರಗಾಲದಲ್ಲಿ ಕೆಸರು ಎಲ್ಲಿಯದು, ಎತ್ತರದ ಗಾಡಿ ಯಾತಕ್ಕೆ ಎಂದು ನೀವು ಕೇಳಬಹುದು, ನಾನೂ ಕೇಳಿದ್ದೆ. ತುಂಬಿದ ಟ್ಯಾಂಕರು ದಿನಕ್ಕೆರಡು ಸಲ ಅದೇ ಗಾಡಿದಾರಿಯಲ್ಲಿ ಹೋಗಿ ಬಂದರೆ ಅದರ ಗಾಲಿಗಳು ಎರಡು ಕಾಲುವೆ ಕೊರೆಯುತ್ತವೆ. ನಡುವೆ ಗಟ್ಟಿ ಮಣ್ಣಿನ ಬೆನ್ನು ಉಳಿಯುತ್ತದೆ. ನಮ್ಮಂಥ ತಗ್ಗು ಗಾಡಿ ಆ ಕಾಲುವೆಗೆ ಇಳಿದರೆ ಗಾಲಿ ಕೆಳಗೆ, ಹೊಟ್ಟೆ ಬೆನ್ನಿನ ಮೇಲೆ. ಭಾತಂಬ್ರಾದ ಹತ್ತಿರ ಒಮ್ಮೆ ಹಾಗೆಯೇ ಆಯಿತು. ಹಿಂದಿನ ಎರಡು ಗಾಲಿಗಳ ನಡುವೆ ಕುಂಬಳಕಾಯಿಯಂಥದೊಂದು ಕಬ್ಬಿಣದ ಉಂಡೆ ಇರುತ್ತದೆ, ಡ್ರೈವರುಗಳು ಅದನ್ನು ಗುಂಡು ಎನ್ನುತ್ತಾರೆ. ಅದು ಕಲ್ಲಿಗೆ ಬಡಿದು ಸೀಳಿ ಎಣ್ಣೆಯೆಲ್ಲ ಸುರಿಯಿತು. ಸೈಮನ್ ಆ ಎಣ್ಣೆಯ ಮಡುವನ್ನು ನೋಡಿ, ಸತ್ತವರ ಮನೆಯಲ್ಲಿ ಕೂಡುವಂತೆ ಕೂತುಬಿಟ್ಟ. "ಒಂದೋ ಗಾಡಿ ಎಬ್ಬಸ್ರಿ, ಇಲ್ಲಾ ನನ್ನ ಮನಿಗಿ ಕಳಸ್ರಿ" ಎಂದ.

ಬೀದರಿನ ಖದೀರ್ ಮಿಸ್ತ್ರಿಯ ಹತ್ತಿರ ಗಾಡಿ ಬಿಟ್ಟೆವು. ಔಷಧಿ ತರುವ ನೆಪದಲ್ಲಿ ನಾನೂ ಮೂರು ದಿನ ಬೀದರಿನಲ್ಲಿ ಉಳಿದೆ. ಔಷಧಿಗೆ ಅರ್ಧ ದಿನ ಸಾಕಾಗಿತ್ತು. ಉಳಿದ ಎರಡೂವರೆ ದಿನ ಮಿಸ್ತ್ರಿಯ ಅಂಗಳದಲ್ಲಿ ಸ್ಟೂಲಿನ ಮೇಲೆ ಕೂತು ನೋಡಿದೆ. ಮೊದಲು ನನ್ನನ್ನು ಕಂಡು ಕೆಲಸಗಾರರು ಬೈಗುಳ ನುಂಗುತ್ತಿದ್ದರು. ಎರಡನೆಯ ದಿನಕ್ಕೆ ಅಭ್ಯಾಸವಾಗಿ ನುಂಗುವುದನ್ನು ಬಿಟ್ಟರು.

ಎಬ್ಬಿಸುವುದೆಂದರೆ ಇಡೀ ಗಾಡಿಯನ್ನು ಮೇಲಕ್ಕೆ ತರುವುದು ಎಂದು ನಾನು ತಿಳಿದಿದ್ದೆ. ಮಿಸ್ತ್ರಿ ಅದನ್ನು ಕೇಳಿ ಪಾನದಾನಿಯಿಂದ ಎಲೆ ತೆಗೆಯುತ್ತ, "ಎಬ್ಬಸೋದು ಎರಡು ನಮೂನಿ ಅದರಿ ಸಿಸ್ಟರ್" ಎಂದ. "ಪಟ್ಟಿ ಎಬ್ಬಿಸಿದ್ರ ಮೈ ಏಳ್ತದ. ಗುಂಡು ಎಲ್ಲಿತ್ತೋ ಅಲ್ಲೇ ಇರ್ತದ. ಗುಂಡು ಏಳಬೇಕಂದ್ರ ಗಾಲೀನೇ ದೊಡ್ಡದಾಗಬೇಕು."

"ಹಂಗಾದ್ರ ಬರೇ ಗಾಲಿ ದೊಡ್ಡವು ಹಾಕ್ರಿ, ಪಟ್ಟಿ ಯಾಕ?"

"ಗಾಲಿ ದೊಡ್ಡದಾಗಿ ಮೈ ಅಲ್ಲೇ ಇದ್ರ, ಹಳ್ಳ ಬಂದಾಗ ಗಾಲಿ ಮ್ಯಾಲ ಬಂದು ಮಡ್‌ಗಾರ್ಡಿಗಿ ತಿಕ್ಕತದಲ್ರಿ. ಪಾಂವ್ ದೊಡ್ಡದಾತಂದ್ರ ಪೈಜಾಮನೂ ಸಡ್ಲ ಹೊಲಸಬೇಕು."

ಅವನು ಒಂದೊಂದನ್ನೂ ಮುಟ್ಟಿ ತೋರಿಸಿದ. ಗಾಡಿಯ ಭಾರ ಹೊರುವುದು ಬಿಲ್ಲಿನಂತೆ ಬಾಗಿದ ಕಬ್ಬಿಣದ ಪಟ್ಟಿಗಳು, ಒಂದರ ಮೇಲೊಂದು ಅಡುಕಿದವು. ಹದಿನೈದು ವರ್ಷ ಭಾರ ಹೊತ್ತು ಅವು ಚಪ್ಪಟೆಯಾಗಿದ್ದವು. ಅವುಗಳಿಗೆ ಬಾಗು ಕೊಡಿಸಿ, ನಡುವೆ ಹೊಸದೊಂದು ಪಟ್ಟಿ ಸೇರಿಸಿ, ತುದಿಯ ಕೊಂಡಿಗಳನ್ನು ಉದ್ದ ಮಾಡಿದ. ಮೈ ಮೇಲೆದ್ದಾಗ ಬ್ರೇಕಿನ ರಬ್ಬರು ಕೊಳವೆ ಬಿಗಿಯಾಗಿ ಎಳೆದುಕೊಂಡಿತು. "ನರ ಹಿಡದಂಗ ಆಗ್ಯಾದ ನೋಡ್ರಿ, ನಿಮಗ ತಿಳೀತದ" ಎಂದು ನನಗೆ ಹೇಳಿ ಅದನ್ನೂ ಉದ್ದದ್ದು ಹಾಕಿದ. ಆಮೇಲೆ ಹೈದರಾಬಾದಿನ ಹಳೇ ಸಾಮಾನಿನ ಬಜಾರದಿಂದ ತರಿಸಿದ ಹಲ್ಲಿನ ಟೈರುಗಳು. ಒಂದನ್ನು ಅವನು ಅಂಗಳದಲ್ಲಿ ಉರುಳಿಸಿ ಬಿಟ್ಟಾಗ ಕೋಳಿಗಳು ಗೋಡೆ ಹತ್ತಿದವು.

ಹೊರಡುವಾಗ, ಕೈಯ ಗ್ರೀಸನ್ನು ಚಿಂದಿಯಿಂದ ಒರೆಸುತ್ತ, ಖದೀರ್ ಮಿಸ್ತ್ರಿ ಕಿಟಕಿಯ ಹತ್ತಿರ ಬಂದ. ಈಗ ಕಿಟಕಿ ಅವನ ಹಣೆಯ ಮಟ್ಟಕ್ಕಿತ್ತು, ತಲೆಯೆತ್ತಿ ಮಾತಾಡಿದ. "ಇನ್ನೊಂದು ಮಾತು. ಮೀಟರ್ ಹಿಂದ ಇರ್ತದ ನೋಡ್ರಿ. ಹತ್ತಕ್ಕ ಒಂದು ಹಿಡೀರಿ."

"ಹೂಂ" ಎಂದೆ.

ಈ 'ಹೂಂ' ಎಂಬುದರ ಬಗ್ಗೆ ಎರಡು ಮಾತು. ಗೊತ್ತಿಲ್ಲದವರು 'ಏನು' ಎನ್ನುತ್ತಾರೆ. ಗೊತ್ತಿರುವವರು 'ಹೌದು' ಎನ್ನುತ್ತಾರೆ. ಮೂರು ದಿನ ಸ್ಟೂಲಿನ ಮೇಲೆ ಕೂತು ಎಲ್ಲ ಗೊತ್ತಾಯಿತೆಂದುಕೊಂಡವರು 'ಹೂಂ' ಎನ್ನುತ್ತಾರೆ. ಇನ್ನು 'ಹಿಡಿ' ಎಂಬ ಮಾತು. ನಮ್ಮ ಕಡೆ ಲೆಕ್ಕದಲ್ಲಿ ಇನ್ನೊಂದನ್ನು 'ಹಿಡೀರಿ' ಎಂದರೆ ಸೇರಿಸಿಕೊಳ್ಳಿ ಎಂದರ್ಥ. ಕೂಲಿಯಲ್ಲಿ 'ಹಿಡದಾರ' ಎಂದರೆ ಕಳೆದಿದ್ದಾರೆ ಎಂದರ್ಥ. ಒಂದೇ ಮಾತು, ಎರಡು ದಿಕ್ಕು. ಯಾವುದೆಂದು ಕೇಳಲು ನನಗೆ ಬಾಯಿತ್ತು, ಅವನಿಗೆ ಕಿವಿಯಿತ್ತು, ನಡುವೆ ಒಂದೇ ಒಂದು ಕಿಟಕಿಯಿತ್ತು.

ನಾನು ಕೇಳದೆ ಯೋಚಿಸಿದೆ. ಗಡಿಯಾರ ಹತ್ತು ನಿಮಿಷ ಹಿಂದಿದ್ದರೆ ಏನು ಮಾಡುತ್ತೇವೆ? ಹತ್ತು ಕೂಡಿಸುತ್ತೇವೆ. ಮೀಟರು ಹಿಂದಿದ್ದರೆ? ಕೂಡಿಸಬೇಕು. ಸರಿಯಾಗಿಯೇ ಇದೆ ಅನ್ನಿಸುತ್ತದಲ್ಲವೆ? ಅಂದು ಸಂಜೆ ಭಾಲ್ಕಿಯಲ್ಲಿ ಕೆಂಪು ಶಾಯಿಯ ಪೆನ್ನು ಹಿಡಿದು ಪುಸ್ತಕದ ಪ್ರತಿ ಅಂಕಿಗೂ ಹತ್ತಕ್ಕೆ ಒಂದರಂತೆ ಕೂಡಿಸುತ್ತ ಕೂತೆ. ಹತ್ತು ಇದ್ದದ್ದು ಹನ್ನೊಂದಾಯಿತು, ಇಪ್ಪತ್ತು ಇಪ್ಪತ್ತೆರಡಾಯಿತು. ಸೈಮನ್ ಬಾಗಿಲಲ್ಲಿ ನಿಂತು ನೋಡಿದ.

"ಏನ್ರಿ ಸಿಸ್ಟರ್, ಊರುಗೋಳು ದೂರ ಸರದಾವೇನು?"

"ಊರಲ್ಲ, ಮೀಟರ್ ಹಿಂದ ಬಿದ್ದದ."

"ಮೀಟರ್ ಹಿಂದ ಬಿದ್ರ ನಾವ್ಯಾಕ ಮುಂದ ಹೋಗಬೇಕು?"

"ನೀ ಗಾಡಿ ನಡಸು. ಲೆಕ್ಕ ನನಗ ಬಿಡು."

ಅವನು ತಲೆ ಕೆರೆದುಕೊಂಡು ಹೋದ. ಅವನ ಪ್ರಶ್ನೆಯಲ್ಲಿ ಇಡೀ ಗಣಿತವಿತ್ತು. ನಾನು ಅದನ್ನು ತಮಾಷೆ ಎಂದುಕೊಂಡೆ.

ಮೊದಲ ಹನ್ನೆರಡು ದಿನ ಆ ಪುಸ್ತಕ ತೆರೆಯುವ ಸಂದರ್ಭ ಬರಲಿಲ್ಲ. ಹೋದ ಊರುಗಳೆಲ್ಲ ಸೈಮನ್‌ಗೆ ಕಣ್ಣುಮುಚ್ಚಿ ಗೊತ್ತಿದ್ದವು. ಆ ಹನ್ನೆರಡು ದಿನ ನಮ್ಮದು ದೊಡ್ಡ ಮೆರವಣಿಗೆ. ಊರ ಮಕ್ಕಳು ಗಾಡಿಗೆ 'ಒಂಟಿ', ಅಂದರೆ ಒಂಟೆ, ಎಂದು ಹೆಸರಿಟ್ಟರು. ಏರಿ ಕೂತರೆ ಮುಳ್ಳುಬೇಲಿಯ ಆಚೆ ಅಂಗಳಗಳು ಕಾಣುತ್ತಿದ್ದವು, ಬೀಗ ಹಾಕಿದ ಬಾಗಿಲುಗಳ ಮುಂದೆ ಗಾಳಿ ತಂದು ಗುಡ್ಡೆ ಮಾಡಿದ ಎಲೆ ಕಾಣುತ್ತಿತ್ತು. ಹೊಸ ಎತ್ತರ ಕೊಡುವ ಖುಷಿ ಸಣ್ಣದಲ್ಲ. ಆದರೆ ಮೊದಲ ದಿನವೇ ಒಂದು ಸಂಗತಿ ಬಯಲಾಯಿತು. ಯಾರಿಗಾಗಿ ಗಾಡಿ ಎಬ್ಬಿಸಿದ್ದೆವೋ ಆ ಬಸುರಿಯರಿಗೆ ಅದನ್ನು ಹತ್ತಲು ಬರುವಂತಿರಲಿಲ್ಲ. ಏಳು ತಿಂಗಳ ಹೆಂಗಸೊಬ್ಬಳು ಬಾಗಿಲಿನ ತಳವನ್ನು ಕೈಯಿಂದ ಅಳೆದು, "ಇದು ಹತ್ತಿದ್ರ ಇಲ್ಲೇ ಹಡೀತೇನ್ರಿ" ಎಂದಳು. ಸೈಮನ್ ಒಂದು ಮರದ ಮೆಟ್ಟಿಲು ಮಾಡಿಸಿ ತಂದ.

ಹದಿಮೂರನೆಯ ದಿನ ನಾವು ಔರಾದಿನಲ್ಲಿದ್ದೆವು. ಮಧ್ಯಾಹ್ನ ಎರಡು ಗಂಟೆ. ಒಬ್ಬ ಟ್ಯಾಂಕರ್ ಡ್ರೈವರ್ ಬಂದು, ಡಾಬಕಾ ಕಡೆಯ ಒಂದು ವಾಡಿಯಲ್ಲಿ, ನಾಲ್ಕಾರು ಮನೆಯ ಹಳ್ಳಿಯಲ್ಲಿ, ಹೆಂಗಸೊಬ್ಬಳು ರಾತ್ರಿಯಿಂದ ಬ್ಯಾನಿ ತಿನ್ನುತ್ತಿದ್ದಾಳೆ, ಕೂಸು ಅಡ್ಡ ಆದಹಾಗಿದೆ, ಅತ್ತೆ ಒಬ್ಬಳೇ ಇದ್ದಾಳೆ ಎಂದು ಹೇಳಿದ. ಹೆಸರು ಸುಜಾತಾ. ನಾಲ್ಕು ತಿಂಗಳ ಹಿಂದೆ ಪುಣೆಗೆ ಹೊರಡುವ ಮುನ್ನ ಔರಾದಿನಲ್ಲಿ ನಾನೇ ಪರೀಕ್ಷಿಸಿದ್ದ ಹುಡುಗಿ. ಇಪ್ಪತ್ತು ತುಂಬಿರಲಿಲ್ಲ, ಚೊಚ್ಚಲು. ಗಂಡ ಪುಣೆಯಲ್ಲೇ ಕಟ್ಟಡದ ಕೆಲಸದಲ್ಲಿ ಉಳಿದಿದ್ದ, ಇವಳು ಹೆರಿಗೆಗೆಂದು ತಿರುಗಿ ಬಂದಿದ್ದಳು.

"ಹಾದಿ ಹ್ಯಾಂಗ?" ಎಂದ ಸೈಮನ್.

"ಸೀದಾ ಹೋಗ್ರಿ, ದೊಡ್ಡ ಹುಣಸಿಗಿಡದ ಬಲ್ಲಿ ಎಡಕ್ಕ ಹೊಡೀರಿ."

"ಆ ಗಿಡ ಕಡದಾರಲ್ಲ?"

"ಹೌದು, ಕಡದಾರ. ಆದ್ರೂ ಅದೇ ಗಿಡದ ಬಲ್ಲಿ."

ಆ ವಾಡಿಗೆ ನಾನು ಎರಡು ವರ್ಷದ ಹಿಂದೆ ಒಮ್ಮೆ, ಸೈಮನ್ ರಜೆಯಲ್ಲಿದ್ದಾಗ, ಬೇರೆ ಡ್ರೈವರ್ ಜೊತೆ ಹೋಗಿದ್ದೆ. ಪುಸ್ತಕದಲ್ಲಿತ್ತು. ಔರಾದ್ ಬಸ್ ನಿಲ್ದಾಣದಿಂದ ಹದಿನಾರು ಕಿಲೋಮೀಟರಿಗೆ ಎಡ ತಿರುವು, ಅಲ್ಲಿಂದ ಮುಕ್ಕಾಲು ಕಿಲೋಮೀಟರಿಗೆ, ದಿಬ್ಬದ ಆಚೆ, ವಾಡಿ. ಹದಿನಾರರ ಮೇಲೆ ಕೆಂಪು ಶಾಯಿಯಲ್ಲಿ ಹದಿನೇಳೂ ಆರು ಎಂದು ಬರೆದಿದ್ದೆ. ಬಸ್ ನಿಲ್ದಾಣದ ಮುಂದೆ ಸೈಮನ್ ಮೀಟರಿನ ಅಂಕಿಯನ್ನು ಸೊನ್ನೆಗೆ ತಂದ. ಹೊರಟೆವು.

ಬಯಲು ಬಿಸಿಲಿಗೆ ನಡುಗುತ್ತಿತ್ತು. ಗಿಡವೆಲ್ಲ ಉರುವಲಿಗೆ ಹೋಗಿದ್ದರಿಂದ ಡಾಂಬರು ದಾರಿಯ ಪಕ್ಕ ಗುರುತೇ ಇರಲಿಲ್ಲ. ಹದಿನಾಲ್ಕು ದಾಟಿದ ಮೇಲೆ ಒಂದು ಕಡೆ ಸೈಮನ್ ಕಾಲು ಸಡಿಲಿಸಿದ. ಎಡಗಡೆ ನೆಲಮಟ್ಟಕ್ಕೆ ಕಡಿದ ಗಿಡದ ಒಂದು ಬೊಡ್ಡೆ ಇತ್ತು. "ಇದೇ ಇರಬೇಕೇನ್ರಿ?" ಎಂದ.

ನಾನು ಮೀಟರು ನೋಡಿದೆ. ಹದಿನಾಲ್ಕೂವರೆ. "ಇನ್ನ ಮೂರು ಕಿಲೋಮೀಟರ್ ಮ್ಯಾಲ ಅದ, ನಡಿ" ಎಂದೆ.

ಅವನು ನಡೆಸಿದ.

ಮೀಟರು ಹದಿನೇಳೂ ಆರು ತೋರಿಸಿದಲ್ಲಿ ಎಡಕ್ಕೆ ಒಂದು ಗಾಡಿದಾರಿ ಇದ್ದೇ ಇತ್ತು. ಇರದಿದ್ದರೆ ಒಳ್ಳೆಯದಿತ್ತು. ಟ್ಯಾಂಕರಿನ ಕಾಲುವೆಗಳು ಗೇಣಿನಾಳ ಬಿದ್ದಿದ್ದವು. ಗುಂಡು ಎಲ್ಲಿಯೂ ತಾಗಲಿಲ್ಲ. ಹಳೆಯ ಗಾಡಿಯಾಗಿದ್ದರೆ ನೂರು ಹೆಜ್ಜೆಯಲ್ಲಿ ಸಿಕ್ಕಿಬಿದ್ದು ನಮ್ಮನ್ನು ಯೋಚಿಸಲು ಹಚ್ಚುತ್ತಿತ್ತು. ಎಬ್ಬಿಸಿದ ಗಾಡಿ ತನ್ನ ಕೆಲಸವನ್ನು ಅಚ್ಚುಕಟ್ಟಾಗಿ ಮಾಡಿತು. ತಪ್ಪು ದಾರಿಯಲ್ಲಿ ಎಲ್ಲಿಯೂ ತಡೆಯಿಲ್ಲದೆ ಕರೆದೊಯ್ದಿತು. ಮುಕ್ಕಾಲು ಕಿಲೋಮೀಟರಿಗೆ ಊರು ಬರಲಿಲ್ಲ. "ಮುಂದ ನಡಿ" ಎಂದೆ. ಎರಡಕ್ಕೂ ಬರಲಿಲ್ಲ. "ಮುಂದ ನಡಿ." ಮೂರಕ್ಕೆ ಬಂತು. ತಗಡಿನ ಹತ್ತು ಹನ್ನೆರಡು ಮನೆ, ಒಂದು ಬೇವು. ಎಲ್ಲ ಬಾಗಿಲಿಗೂ ಬೀಗ.

ನಾನು ಇಳಿದು ಒಂದೊಂದೇ ಬಾಗಿಲು ಬಡಿದೆ. "ಸುಜಾತಾ! ಯಾರದೀರಿ ಒಳಗ?" ಒಳಗಿನಿಂದ ಬೀಗ ಹಾಕಿಕೊಂಡು ಯಾರಾದರೂ ಹೆರುತ್ತಾರೆಯೆ? ಆ ಹೊತ್ತಿನಲ್ಲಿ ನನಗೆ ಅದು ತೋಚಲಿಲ್ಲ. ಪುಸ್ತಕ ತಪ್ಪಿರಬಹುದು ಎಂಬುದಕ್ಕಿಂತ, ಊರಿಗೆ ಊರೇ ಎದ್ದು ಹೋಗಿದೆ ಎಂಬುದು ಆ ವರ್ಷ ನಂಬಲು ಸುಲಭವಾಗಿತ್ತು. ಅವಳನ್ನು ಯಾರೋ ಬೇರೆ ಕಡೆ ಒಯ್ದಿರಬೇಕು ಎಂದು ಸೈಮನ್‌ಗೆ ಹೇಳಿದೆ.

ಅವನು ಕೆಳಗೆ ಕುಕ್ಕರುಗಾಲಲ್ಲಿ ಕೂತು ಒಂದು ಹಿಡಿ ಮಣ್ಣು ತೆಗೆದ. "ಸಿಸ್ಟರ್, ಎರಡು ವರ್ಷದ ಹಿಂದ ನೀವು ಸುಜಾತಾನ ಊರಿಂದ ಬಂದಾಗ ನಿಮ್ಮ ಬಿಳಿ ಸೀರಿ ಅಂಚಿಗಿ ಕರಿ ಮಣ್ಣು ಹತ್ತಿತ್ತು. ನನ್ನ ಹೆಂಡ್ತಿ ಒಗದು ಕೊಟ್ಟಿದ್ದಳು, ಹೋಗಲಿಲ್ಲ ಅಂತ ಬೈದಿದ್ದಳು. ಇದು ಕೆಂಪು ನೆಲ ಅದ."

ಅವನ ಅಂಗೈಯ ಮೇಲಿದ್ದದ್ದು ಕೆಂಪು ಮಣ್ಣು. ಸೈಮನ್ ಗಾಡಿ ತಿರುಗಿಸಿದ. ಆ ಬೊಡ್ಡೆಯ ಹತ್ತಿರ ಬಂದು ಎಡಕ್ಕೋ ಬಲಕ್ಕೋ ಎಂದು ನನ್ನನ್ನು ಕೇಳಲಿಲ್ಲ.

ದಿಬ್ಬ ಹತ್ತಿ ಇಳಿದಾಗ ಮೂರೂವರೆ. ಸುಜಾತಾಳ ಅತ್ತೆ ಬಾಗಿಲಲ್ಲಿ ನಿಂತಿದ್ದಳು. ಮೊಣಕೈವರೆಗೆ ರಕ್ತ. ಕೂಸು ಕಾಲು ಮುಂದಾಗಿ ಬಂದಿತ್ತು, ತಲೆ ಸಿಕ್ಕಿಕೊಂಡಿತ್ತು. ಆ ಮುದುಕಿ ತನಗೆ ತಿಳಿದಂತೆ ಎಳೆದಿದ್ದಳು. ಹೆಣ್ಣು ಕೂಸು. ನಾನು ಮುಟ್ಟಿದಾಗ ಇನ್ನೂ ಬೆಚ್ಚಗಿತ್ತು. ಉಸಿರು ಕೊಟ್ಟೆ, ಎದೆಯ ಮೇಲೆ ಎರಡು ಬೆರಳಿಟ್ಟು ಒತ್ತಿದೆ, ಮತ್ತೆ ಉಸಿರು ಕೊಟ್ಟೆ. ಇಪ್ಪತ್ತು ನಿಮಿಷ. ಇಪ್ಪತ್ತು ಎಂದು ಹೇಳುವಷ್ಟು ಗಡಿಯಾರ ನೋಡಿದ್ದೇನೆ. ಆ ನಡುವೆಯೇ ಸುಜಾತಾಳಿಗೆ ರಕ್ತ ನಿಲ್ಲದ್ದನ್ನು ಕಂಡು ಅವಳ ಕೈಗೂ ಸೂಜಿ ಚುಚ್ಚಬೇಕಾಯಿತು. ಅತ್ತೆ ಕೂಸನ್ನು ಸೆರಗಿನಲ್ಲಿ ಸುತ್ತಿಕೊಂಡಳು. ಎಚ್ಚರ ತಪ್ಪಿದವಳನ್ನು ಸೈಮನ್ ಎತ್ತಿಕೊಂಡು ಗಾಡಿ ಹತ್ತಿಸಿದ. ಬೀದರಿನ ದೊಡ್ಡ ಆಸ್ಪತ್ರೆ ಮುಟ್ಟುವವರೆಗೆ ಅವಳ ನಾಡಿ ನನ್ನ ಬೆರಳ ಕೆಳಗಿತ್ತು. ತಾಯಿ ಉಳಿದಳು.

ಅತ್ತೆ ತಡವಾದದ್ದೇಕೆಂದು ಕೇಳಿದಾಗ ಸೈಮನ್ ನನಗಿಂತ ಮೊದಲೇ, "ನಂದ ತಪ್ಪು ಅವ್ವಾ, ಹಾದಿ ತಪ್ಪಿದೆ" ಎಂದಿದ್ದ.

ಮರುದಿನ ಬೆಳಿಗ್ಗೆ ಭಾಲ್ಕಿಯ ದವಾಖಾನೆಯ ಅಂಗಳದಲ್ಲಿ ಸೈಮನ್ ಟೈರಿಗೆ ಸುಣ್ಣದ ಗೆರೆ ಎಳೆದ. ನೆಲಕ್ಕೆ ಒಂದು ಗೆರೆ. ಗಾಡಿಯನ್ನು ಮೆಲ್ಲಗೆ ತಳ್ಳಿದೆವು. ಗೆರೆ ಒಂದು ಸುತ್ತು ಬಂದು ಮತ್ತೆ ನೆಲ ಮುಟ್ಟಿದಲ್ಲಿ ಇನ್ನೊಂದು ಗುರುತು. ಅಳೆದರೆ ಎಂಟಡಿ ಒಂದು ಇಂಚು. ಮೂಲೆಯಲ್ಲಿ ಬಿದ್ದಿದ್ದ ಹಳೆಯ ಟೈರನ್ನು ಹಾಗೆಯೇ ಉರುಳಿಸಿದೆವು. ಏಳಡಿ ನಾಲ್ಕು ಇಂಚು. ಮೀಟರಿಗೆ ಟೈರಿನ ಗಾತ್ರ ಗೊತ್ತಿಲ್ಲ, ಎಷ್ಟು ಸುತ್ತು ತಿರುಗಿತೆಂಬುದು ಮಾತ್ರ ಗೊತ್ತು. ದೊಡ್ಡ ಗಾಲಿ ಒಂದೇ ಸುತ್ತಿನಲ್ಲಿ ಹೆಚ್ಚು ನೆಲ ನುಂಗುತ್ತದೆ. ಮೀಟರು ಹಳೆಯ ಲೆಕ್ಕವನ್ನೇ ಹೇಳುತ್ತಿರುತ್ತದೆ. ಹದಿನಾರು ಕಿಲೋಮೀಟರು ನಡೆದಾಗ ಅದು ತೋರಿಸುವುದು ಹದಿನಾಲ್ಕೂವರೆ. ಹತ್ತಕ್ಕೆ ಒಂದು ಹಿಡಿಯಬೇಕಾದದ್ದು ನಿಜ. ಕೂಡಿಸಬೇಕಾದದ್ದು ಮೀಟರಿಗೆ. ನಾನು ಕೂಡಿಸಿದ್ದು ಪುಸ್ತಕಕ್ಕೆ.

"ಅವರಿಗಿ ಹೇಳಿ ಬರ್ತೇನಿ, ತಪ್ಪು ನಂದು ಅಂತ" ಎಂದೆ.

ಸೈಮನ್ ಕೈಯ ಸುಣ್ಣ ಒರೆಸಿಕೊಂಡ. "ಬ್ಯಾಡ್ರಿ. ಡ್ರೈವರ್ ಹಾದಿ ತಪ್ಪಿದ್ರ ಮಂದಿ ಬೈದು ಬಿಡ್ತಾರ. ಸಿಸ್ಟರ್ ತಪ್ಪಿದ್ಲು ಅಂದ್ರ ಮತ್ತ ಯಾ ಹೆಂಗಸೂ ನಿಮ್ಮನ್ನ ಕರಿಯಂಗಿಲ್ಲ. ಇದ್ದದ್ದು ನೀವೊಬ್ರೇ."

ಅದು ನಿಜವಾಗಿತ್ತು. ನಿಜವಾಗಿದ್ದರಿಂದ ಅದರ ನೆರಳಲ್ಲಿ ನಿಲ್ಲುವುದು ನನಗೆ ಸುಲಭವಾಯಿತು. ಮಳೆ ಬಂತು, ಜನ ತಿರುಗಿ ಬಂದು ಕೀಲಿ ಇಸಿದುಕೊಂಡರು, ಗಾಡಿ ಗುಜರಿಗೆ ಹೋಯಿತು, ಸೈಮನ್ ತೀರಿಕೊಂಡ. ತಪ್ಪು ಅವನ ಹೆಸರಿನಲ್ಲಿಯೇ ಉಳಿಯಿತು. ಅವನ ಮಣ್ಣಿಗೆ ಹೋದವಳು ನಾನು, ಅಲ್ಲಿಯೂ ಬಾಯಿ ತೆರೆಯಲಿಲ್ಲ.

ಇಷ್ಟನ್ನು ತಲೆಯಲ್ಲಿ ಹೊತ್ತುಕೊಂಡು, ಹೋದ ತಿಂಗಳು ಆ ಹುಡುಗನ ಗಾಡಿ ನೋಡಿದ ಮರುದಿನ, ಔರಾದಿನ ಬಸ್ಸು ಹತ್ತಿದೆ. ಸುಜಾತಾ ಅಲ್ಲಿ ಮಕ್ಕಳ ವಸತಿ ನಿಲಯವೊಂದರಲ್ಲಿ ಅಡುಗೆ ಮಾಡುತ್ತಾಳೆಂದು ಒಂದು ಮದುವೆಯಲ್ಲಿ ಕೇಳಿದ್ದೆ. ನಲವತ್ತು ದಾಟಿದವಳು, ಮೈ ತುಂಬಿಕೊಂಡಿದ್ದಾಳೆ. ಆಮೇಲೆ ಹುಟ್ಟಿದ ಇಬ್ಬರು ಮಕ್ಕಳು ಕಾಲೇಜಿನಲ್ಲಿದ್ದಾರೆ. ನನ್ನನ್ನು ಕಂಡು, "ಸಿಸ್ಟರಬಾಯಿ, ಹಾದಿ ತಪ್ಪಿ ಬಂದ್ರೇನು!" ಎಂದಳು. ಎಲ್ಲರೂ ಆಡುವ ಮಾತೇ ಅದು. ಒಲೆಯ ಪಕ್ಕದ ಮಣೆಯ ಮೇಲೆ ಕೂತೆ.

ಅವಳು ರೊಟ್ಟಿಯ ಹಿಟ್ಟು ನಾದುತ್ತಿದ್ದಳು. ನಾನು ಸುತ್ತು ಬಳಸಲಿಲ್ಲ. "ಅವತ್ತು ಹಾದಿ ತಪ್ಪಿದ್ದು ಸೈಮನ್ ಅಲ್ಲ ಸುಜಾತಾ. ಅವ ಸರಿಯಾದ ತಾವ ಗಾಡಿ ಸಾವಕಾಶ ಮಾಡಿದ್ದ. ಮುಂದ ನಡಿ ಅಂದಾಕಿ ನಾನು. ಲೆಕ್ಕ ತಪ್ಪಿದ್ದೆ."

ಅವಳ ಕೈ ನಿಲ್ಲಲಿಲ್ಲ. "ಯಾರಂತ ಗೊತ್ತಿರಲಿಲ್ರಿ. ಮುಂದ ಹೋದದ್ದು ಗೊತ್ತಿತ್ತು."

"ಹ್ಯಾಂಗ?"

"ಕೇಳಸಿತ್ತಲ್ರಿ. ನಿಮ್ಮ ಆ ಗಾಲಿ ಸಪ್ಪಳ. ಗುಂಯ್ ಅಂತ ಬಂತು. ನಮ್ಮತ್ತಿ, ಬಂದ್ರು ನೋಡು, ಇನ್ನ ಜರಾ ತಡಕೋ ಅಂದ್ಳು. ನಾ ತಡಕೊಂಡೆ. ಆಮ್ಯಾಲ ಸಪ್ಪಳ ಮುಂದ ಹೋತು."

ದಪ್ಪ ಹಲ್ಲಿನ ಟೈರು ಡಾಂಬರಿನ ಮೇಲೆ ಹಾಡುತ್ತದೆ. ಒಳಗೆ ಕೂತವರಿಗೆ ಇಂಜಿನ್ನಿನ ಸದ್ದಿನಲ್ಲಿ ಅದು ಕೇಳುವುದಿಲ್ಲ. ಮನುಷ್ಯರೂ ಗಿಡಗಳೂ ಇಲ್ಲದ ಆ ಬಯಲಲ್ಲಿ ಎಷ್ಟು ದೂರ ಕೇಳುತ್ತಿತ್ತೆಂದು ನಾನು ಯಾವತ್ತೂ ಯೋಚಿಸಿರಲಿಲ್ಲ. ಆ ಗಾಡಿಯ ಪಟ್ಟಿ, ಕೊಂಡಿ, ಕೊಳವೆ, ಗುಂಡು ಎಲ್ಲ ತಿಳಿದಿದ್ದೇನೆಂದುಕೊಂಡಿದ್ದವಳು ನಾನು.

ಅವಳು ಹಿಟ್ಟಿಗೆ ನೀರು ಚಿಮುಕಿಸಿ, "ಮೊದಲ ಬಂದಿದ್ರ ಉಳೀತಿತ್ತೇನ್ರಿ?" ಎಂದು ಕೇಳಿದಳು.

"ಗೊತ್ತಿಲ್ಲ. ಉಳೀತಿತ್ತು ಅಂತ ಹೇಳಲಾರೆ. ಉಳೀತಿರಲಿಲ್ಲ ಅಂತನೂ ಹೇಳಲಾರೆ. ಮುಕ್ಕಾಲು ತಾಸು ತಡ ಆಗಿತ್ತು. ಅಷ್ಟು ಮಾತ್ರ ಖರೇ."

ಅವಳು ತಲೆಯಾಡಿಸಿದಳು. ಕ್ಷಮಿಸಿದೆ ಎನ್ನಲಿಲ್ಲ, ಹೋಗಿರಿ ಎನ್ನಲೂ ಇಲ್ಲ. ಹಿಟ್ಟನ್ನು ಪರಾತದ ಅಂಚಿಗೆ ಒತ್ತಿ ಇಟ್ಟಳು. "ಒಂದು ಕೇಳ್ತೇನಿ. ನನಗ ತೋರಿಸಲಿಲ್ಲ ಅದನ್ನ. ನಾ ಆಸ್ಪತ್ರಿದಾಗ ಇದ್ದೆ, ಅತ್ತಿ ಮಣ್ಣು ಮಾಡಿಬಿಟ್ಟಿದ್ಳು. ಹೆಣ್ಣು ಅಂತ ಹೇಳಿದ್ಳು, ಅಷ್ಟೇ. ಎಷ್ಟಿತ್ರಿ?"

ಸುಜಾತಾಳನ್ನು ಗಾಡಿ ಹತ್ತಿಸುವ ಮೊದಲು, ಅತ್ತೆಯ ಸೆರಗು ಬಿಡಿಸಿ ನಾನು ಆ ಕೂಸನ್ನು ಅಳೆದಿದ್ದೆ. ಯಾಕೆಂದು ಕೇಳಬೇಡಿ. ಹುಟ್ಟಿದ ಪ್ರತಿ ಕೂಸನ್ನೂ ಅಳೆಯಬೇಕು ಎಂದು ನಮಗೆ ಕಲಿಸಿರುತ್ತಾರೆ. ಕೈ ತಾನಾಗಿಯೇ ಮಾಡಿತು.

"ನಲವತ್ತೊಂಬತ್ತು ಸೆಂಟಿಮೀಟರ್" ಎಂದೆ.

ಅವಳಿಗೆ ಅಂಕಿ ತಿಳಿಯಲಿಲ್ಲ. ಹಿಟ್ಟು ಮೆತ್ತಿದ ಎರಡೂ ಅಂಗೈಗಳನ್ನು ಎದುರುಬದುರಾಗಿ ಗಾಳಿಯಲ್ಲಿ ಹಿಡಿದಳು. "ಇಷ್ಟೇನ್ರಿ?"

ಕೈಗಳ ನಡುವಿನ ಅಂತರ ಸ್ವಲ್ಪ ಕಡಿಮೆಯಿತ್ತು. ಅವಳ ಬಲಗೈಯನ್ನು ಮುಟ್ಟಿ ಎರಡು ಬೆರಳಿನಷ್ಟು ಆಚೆ ಸರಿಸಿದೆ. "ಇಷ್ಟು."

ಅವಳು ಕೈಗಳನ್ನು ಹಾಗೆಯೇ ಹಿಡಿದುಕೊಂಡು ಕೂತಳು. ಒಲೆಯ ಮೇಲೆ ಅನ್ನ ಉಕ್ಕತೊಡಗಿತು. ಅವಳು ಅಲುಗಲಿಲ್ಲ. ನಾನೇ ಎದ್ದು ಮುಚ್ಚಳ ತೆಗೆದೆ.